ಗಾಳ ಹಾಕೋ ಮುಂಚೆ ಆಳ ನೋಡಿ

ಇಂಗ್ಲೆಂಡಿನವರು ಟ್ರೌಟ್, ಸಾಲ್ಮನ್ ಬಿಟ್ಟು ಸಿಹಿನೀರಿನ ಉಳಿದ ಮೀನು ಹಿಡಿಯುವುದಕ್ಕೆ ‘ಕೋರ್ಸ್ ಫಿಶಿಂಗ್’ ಅಂತಾರೆ. ನಮಗೆ ಅದು ಕೆರೆ ಏರಿ ಮೇಲೆ ಕೂತು, ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ನೋಡುತ್ತಾ ಗಾಳ ಹಾಕುವುದು, ಅಷ್ಟೇ.

ಬೆಂಗಳೂರಿನ ಕೆರೆಗೆ ಸುಮ್ನೆ ಹೋಗಿ ಗಾಳ ಬಿಡಬೇಡಿ. ಎಷ್ಟೋ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಕೆಲವು ಕಡೆ ಹಿಡಿಯಲೇಬಾರದು ಅಂತ ಬೋರ್ಡ್ ಇರುತ್ತದೆ. ಮೊದಲು ಕೇಳಿ. ಇಲ್ಲಾಂದ್ರೆ ಊರಾಚೆ ದುಡ್ಡು ಕಟ್ಟಿ ಗಾಳ ಹಾಕುವ ಹೊಂಡಗಳಿವೆ, ಕಲಿಯೋಕೆ ಅವೇ ವಾಸಿ. ಇನ್ನೊಂದು, 2016ರಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿತ್ತು, ನೆನಪಿದೆ ಅಲ್ವಾ? ಚರಂಡಿ ನೀರು ಸೇರುವ ಕೆರೆಯ ಮೀನನ್ನು ಸಾರಿಗೆ ಹಾಕಬೇಡಿ.

ಸಾಮಾನು ಜಾಸ್ತಿ ಬೇಡ. ಒಂದು ರಾಡು, ರೀಲು, ನೈಲಾನ್ ದಾರ, ಬೆಂಡು, ಸೀಸದ ಗುಂಡು, 10ನೇ ನಂಬರಿನ ಕೊಕ್ಕೆ. ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ, ಒಣದಾರ ಎಳೆದರೆ ಬಿಸಿಯಾಗಿ ಅಲ್ಲೇ ಸೋಲುತ್ತದೆ.

ಮೀನಿನ ಬಾಯಿ ನೋಡಿದರೆ ಅದು ಎಲ್ಲಿ ಮೇಯುತ್ತದೆ ಅಂತ ಗೊತ್ತಾಗುತ್ತದೆ. ಕಾಟ್ಲಾ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನದು. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಜಿಲೇಬಿ ಮೀನಿಗೆ (ತಿಲಾಪಿಯಾ) ಎರೆಹುಳು ಸಾಕು, ಗೆಂಡೆಗೆ ಕಡಲೆಕಾಯಿ ಹಿಂಡಿ ಸೇರಿಸಿದ ಹಿಟ್ಟಿನ ಉಂಡೆ.

ನಾನು ಮೊದಲ ದಿನ ಮೂರು ಗಂಟೆ ಬೆಂಡು ನೋಡಿದ್ದೇ ಬಂತು. ಪಕ್ಕದಲ್ಲಿ ಬಿದಿರು ಕೋಲು ಹಿಡಿದಿದ್ದ ತಾತ ಜಿಲೇಬಿ ಮೇಲೆ ಜಿಲೇಬಿ ಎತ್ತುತ್ತಿದ್ದರು. ಕೊನೆಗೆ ಅವರೇ, "ಏನಪ್ಪಾ, ಹುಳ ನಡುನೀರಲ್ಲಿ ನೇತಾಡ್ತಿದೆ, ಆಳ ನೋಡ್ಕೋಬಾರ್ದಾ?" ಅಂದರು.

ಆಳ ನೋಡುವುದು ಹೀಗೆ: ಕೊಕ್ಕೆಗೆ ಭಾರದ ಸೀಸ ಸಿಕ್ಕಿಸಿ ನೀರಿಗೆ ಬಿಡಿ. ಬೆಂಡು ಮುಳುಗಿಹೋದರೆ ಕೆಳಗಿನ ದಾರ ಗಿಡ್ಡ, ಬೆಂಡನ್ನು ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿದರೆ ದಾರ ಉದ್ದ, ಕೆಳಕ್ಕೆ ಸರಿಸಿ. ತುದಿ ಮಾತ್ರ ಕಂಡರೆ ಸರಿ. ಆಮೇಲೆ ಭಾರ ತೆಗೆದು, ಅದೇ ಜಾಗಕ್ಕೆ ಹತ್ತು ನಿಮಿಷಕ್ಕೊಮ್ಮೆ ನೆಲ್ಲಿಕಾಯಿ ಗಾತ್ರದ ಹಿಟ್ಟಿನುಂಡೆ ಒಂದೊಂದೇ ಎಸೀರಿ. ಒಂದೇ ಸಲ ಸುರಿದರೆ ಮೀನಿಗೆ ಹೊಟ್ಟೆ ತುಂಬುತ್ತದೆ, ನಿಮ್ಮ ಕೊಕ್ಕೆ ಯಾಕೆ ಬೇಕು?

ಬೆಂಡು ಕುಣಿದ ತಕ್ಷಣ ಎಳೀಬೇಡಿ, ಅದು ಪುಟ್ಟ ಮೀನು ಕೆಣಕ್ತಿರೋದು. ಬೆಂಡು ಒಂದೇ ಕಡೆ ಜಾರಿ ಮುಳುಗಿದಾಗ, ಇಲ್ಲಾ ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಬಿದ್ದಾಗ ರಾಡು ಎತ್ತಿ. ಮೇಲೆದ್ದರೆ ತಳದ ಗೆಂಡೆ ಸೀಸದ ಸಮೇತ ಉಂಡೆಯನ್ನು ಎತ್ತಿಕೊಂಡಿದೆ ಅಂತ.