ಮಧ್ಯಯುಗದ ಪೋಲಿ ಬಿಲ್ಲೆ: ಬೀದರಿನಲ್ಲಿ ತವರದ ಎರಕ

14–15ನೇ ಶತಮಾನದ ಯುರೋಪಿನಲ್ಲಿ ಯಾತ್ರೆ ಮುಗಿಸಿದವರು ತವರ-ಸೀಸದ ಅಗ್ಗದ ಬಿಲ್ಲೆಯನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ಲೋಹದಲ್ಲಿ ಪೋಲಿ ಬಿಲ್ಲೆಗಳನ್ನೂ ಎರೆದರು. ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳ ಹಳೆಯ ಕೆಸರಿನಲ್ಲಿ ಅವು ಬಹಳ ಸಿಕ್ಕಿವೆ: ರೆಕ್ಕೆ, ಕಾಲು, ಗಂಟೆ ಇರುವ ಶಿಶ್ನ, ಟೊಪ್ಪಿಗೆ ಹಾಕಿ, ಕೋಲು, ಜಪಸರ ಹಿಡಿದು ಯಾತ್ರೆಗೆ ಹೊರಟ ಯೋನಿ. ದೃಷ್ಟಿ ತಾಗದಿರಲೆಂದು ಧರಿಸುತ್ತಿದ್ದರು ಎನ್ನುವ ವಿದ್ವಾಂಸರಿದ್ದಾರೆ, ಯಾತ್ರಿಕರ ಅಣಕ ಎನ್ನುವವರೂ ಇದ್ದಾರೆ. ಕಾಮಣ್ಣನ ಹಬ್ಬದ ಹಾಡು ಕೇಳಿದ ನಮ್ಮ ಕಡೆಯವರಿಗೆ ಎರಡೂ ಒಟ್ಟಿಗೆ ಇದ್ದರೆ ಅಚ್ಚರಿಯೇನಿಲ್ಲ. ನಗು ಹುಟ್ಟುವುದು ಆ ಕೋಲು, ಟೊಪ್ಪಿಗೆ, ಸರದಿಂದ. ಎರಕದಲ್ಲಿ ಅವು ಮಸುಕಾದರೆ ಉಳಿಯುವುದು ಬರೀ ಅಶ್ಲೀಲ.

ಆದ್ದರಿಂದ ಹೆಚ್ಚಿನ ಹೊತ್ತು ಅಚ್ಚಿಗೇ ಕೊಡಿ. ಬಳಪದ ಕಲ್ಲಿನ ಎರಡು ತುಂಡು, ತಲಾ 8×6 ಸೆಂ.ಮೀ., 2 ಸೆಂ.ಮೀ. ದಪ್ಪ. ಶಹಾಬಾದ್ ಕಲ್ಲು ಕೈಗೆ ಸಿಗುತ್ತದೆ, ಆದರೆ ಗಟ್ಟಿ; ಸಣ್ಣ ಕೆತ್ತನೆಗೆ ಬೇಡ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಎರಡೂ ಮುಖ ಉಜ್ಜಿ. ಜೋಡಿಸಿ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಚಿತ್ರವನ್ನು ತಿರುವಿ ಬರೆದು 1.5 ಮಿ.ಮೀ. ಆಳ ಕೆತ್ತಿ. ಕೋಲು 2 ಮಿ.ಮೀ.ಗಿಂತ ಸಪೂರವಾದರೆ ಲೋಹ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಕೋಲಿನ ತುದಿ, ಟೊಪ್ಪಿಗೆಯ ಅಂಚಿನಿಂದ ಕಲ್ಲಿನ ಹೊರಗಿನವರೆಗೆ ಸೂಜಿಯಿಂದ ಕೂದಲೆಳೆಯಷ್ಟು ಗೀರು ಎಳೆಯಿರಿ. ಗಾಳಿಗೆ ದಾರಿ ಅದೇ. ಸುರಿಯುವ ಬಾಯಿ ದೇಹದ ದಪ್ಪ ಭಾಗಕ್ಕೆ ಸೇರಲಿ. ಕಲ್ಲನ್ನು ಒದ್ದೆ ಮಾಡಿಯೇ ಕೆತ್ತಿ, ಮಾಸ್ಕ್ ಹಾಕಿ, ಪುಡಿ ಎದೆಗೆ ಕೆಟ್ಟದ್ದು. ಆಮೇಲೆ ಪೂರ್ತಿ ಒಣಗಿಸಿ: ತೇವ ಉಳಿದರೆ ಕಾದ ಲೋಹ ಮುಖಕ್ಕೆ ಸಿಡಿಯುತ್ತದೆ.

ಮೂಲದಲ್ಲಿದ್ದ ಸೀಸವನ್ನು ಬಿಡಿ, ಮೈಗೆ ತಾಗುವ ಒಡವೆಗೆ ಅದು ಸಲ್ಲದು. ಕಲಾಯಿಯವರ ತವರ ಸಾಕು. ಬಿಳಿ ಕಾಗದದ ಮೇಲೆ ಗೀಚಿದಾಗ ಪೆನ್ಸಿಲ್‌ನಂತೆ ಬೂದು ಗೆರೆ ಬಿದ್ದರೆ ಸೀಸ ಬೆರೆತಿದೆ; ಒಳ್ಳೆಯ ತವರ ಬಗ್ಗಿಸುವಾಗ ಚಿರ್ ಎನ್ನುತ್ತದೆ. ಬಿದರಿ ಎರಕದ ಮೂಸೆಯನ್ನು ಮಾತ್ರ ಕೇಳಿ ತರಬೇಡಿ. ಅದರಲ್ಲಿ ಅಂಟಿದ ಸತು ಸೇರಿದರೆ ತವರ ಸರಾಗವಾಗಿ ಹರಿಯುವುದಿಲ್ಲ.

100 ಗ್ರಾಂ ತವರವನ್ನು ಉಕ್ಕಿನ ಸೌಟಿನಲ್ಲಿ ಕರಗಿಸಿ. 232 ಡಿಗ್ರಿಗೆ ಕರಗುತ್ತದೆ, ಸುರಿಯಲು ಸುಮಾರು 300 ಬೇಕು. ಒಣ ಬಿದಿರಕಡ್ಡಿ ಅದ್ದಿದರೆ ಕಂದಾಗಬೇಕು; ತಕ್ಷಣ ಕರ್ರಗಾದರೆ ಉರಿ ತಗ್ಗಿಸಿ. ಅಚ್ಚಿಗೆ ದೀಪದ ಮಸಿ ಹಿಡಿಸಿ, ಬಿಸಿ ಮಾಡಿ, ಬಿಗಿಯಾಗಿ ಕಟ್ಟಿ, ಒಂದೇ ಸಮನೆ ಸುರಿಯಿರಿ. ಮೊದಲ ಒಂದೆರಡು ಬಿಲ್ಲೆ ಅರೆಬರೆ ಬರುವುದು ಅಚ್ಚು ಇನ್ನೂ ಕಾಯದ್ದರಿಂದ, ಮತ್ತೆ ಕರಗಿಸಿ. ಅಚ್ಚು ಬಿಸಿಯಾದ ಮೇಲೂ ಕೋಲು ಮೊಂಡಾದರೆ ಗಾಳಿಯ ಗೀರು ಕಟ್ಟಿದೆ. ಅಂಚಿನಲ್ಲಿ ತೆಳು ರೆಕ್ಕೆ ಮೂಡಿದರೆ ಕಲ್ಲುಗಳು ಸರಿಯಾಗಿ ಕೂತಿಲ್ಲ.

ಬಿದರಿಗೆ ಕಪ್ಪು ಕೊಡುವ ಕೋಟೆ ಮಣ್ಣು ತವರಕ್ಕೆ ಆ ಬಣ್ಣ ಕೊಡದು, ತವರದ ಹೊಳಪು ಹಾಗೇ ಇರಲಿ. ಪಿನ್ನಿಗೆ ಬೇರೆ ಅಚ್ಚು ಕೆತ್ತುವುದು ಕಷ್ಟ. ಅಂಚಿನಲ್ಲಿ ನಾಲ್ಕು ಪುಟ್ಟ ಬಳೆ ಕೆತ್ತಿಟ್ಟರೆ ಬಟ್ಟೆಗೆ ಹೊಲಿಯಬಹುದು. ಆ ಕಾಲದ ಎಷ್ಟೋ ಬಿಲ್ಲೆಗಳನ್ನು ಹೀಗೇ ಹೊಲಿಯುತ್ತಿದ್ದರು.