ರಿಮ್ಮಿನ ಒಳ ಅಗಲ ಮೊದಲು, ಗಾಳಿ ಆಮೇಲೆ

ಸೈಕಲ್ ಟೈರಿಗೆ ಎಷ್ಟು ಗಾಳಿ ಹಾಕಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ರಿಮ್ಮಿನ ಒಳ ಅಗಲ ಎಷ್ಟು? ನೀವು, ಸೈಕಲ್, ಸಾಮಾನು ಎಲ್ಲ ಸೇರಿ ತೂಕ ಎಷ್ಟು? ಹೆಚ್ಚಿನವರಿಗೆ ಎರಡೂ ಗೊತ್ತಿರುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿಯೊಂದು ಮಾತ್ರ ಗೊತ್ತಿರುತ್ತದೆ. ಅದನ್ನು ನೋಡಿ ಕಲ್ಲಿನಂತಾಗುವವರೆಗೆ ಹೊಡೆಸಿ, ಹೆಬ್ಬೆರಳಲ್ಲಿ ಒತ್ತಿ, ತೃಪ್ತಿಯಿಂದ ಹೊರಡುತ್ತಾರೆ. ಆ ಅಂಕಿ ಇದಕ್ಕಿಂತ ಮೇಲೆ ಹೋಗಬೇಡಿ ಎನ್ನುವ ಎಚ್ಚರಿಕೆ. ಅಷ್ಟು ಹಾಕಲೇಬೇಕು ಎಂದು ಟೈರು ಮಾಡಿದವರೂ ಹೇಳಿಲ್ಲ.

ನಾನು ಓಡಾಡುವುದು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾರಿಯಲ್ಲಿ. ಆಗಾಗ ಘಾಟಿ ಇಳಿದು ಹೆಬ್ರಿ, ಉಡುಪಿಯವರೆಗೆ. ಸೈಕಲ್ಲು ಉಕ್ಕಿನ ಚೌಕಟ್ಟಿನದು, ಹಿಂದೆ ಕ್ಯಾರಿಯರ್ ಇದೆ, ಬ್ರೇಕು ರಿಮ್ಮನ್ನೇ ಹಿಡಿಯುವ ಬಗೆಯದು. ಹಾಗಾಗಿ ಮಲೆನಾಡಿನ ಮಳೆಗಾಲದಲ್ಲಿ ಮೊದಲು ಸವೆಯುವುದು ರಿಮ್ಮು. ಒದ್ದೆ ರಸ್ತೆಯ ಮರಳು ಬ್ರೇಕ್ ರಬ್ಬರಿಗೆ ಅಂಟಿಕೊಂಡು ಅಲ್ಯೂಮಿನಿಯಂ ಗೋಡೆಯನ್ನು ಉಜ್ಜುತ್ತಲೇ ಇರುತ್ತದೆ. ಸ್ಟೀಲ್ ಸ್ಕೇಲಿನ ಅಂಚನ್ನು ಬ್ರೇಕ್ ತಗಲುವ ಪಟ್ಟಿಯ ಮೇಲೆ ನೇರವಾಗಿಟ್ಟು ಬೆಳಕಿಗೆ ಹಿಡಿದರೆ, ಸವೆದ ರಿಮ್ಮಿನಲ್ಲಿ ನಡುವೆ ಸಣ್ಣ ಹಳ್ಳ ಕಾಣುತ್ತದೆ. ನನ್ನ ಹಳೆಯ ಹಿಂಚಕ್ರದಲ್ಲಿ ಆ ಹಳ್ಳದೊಳಗಿಂದ ಬೆಳಕು ಸಲೀಸಾಗಿ ತೂರಿ ಬರುತ್ತಿತ್ತು. ಒಳಗಿನ ಗಾಳಿ ರಿಮ್ಮಿನ ಎರಡು ಗೋಡೆಗಳನ್ನೂ ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಗೋಡೆ ತೆಳುವಾದ ಮೇಲೆ ಗಾಳಿ ಬಿಗಿ ಮಾಡಿದರೆ ಒಂದು ದಿನ ಅದು ಉದ್ದಕ್ಕೆ ಸೀಳಿಕೊಳ್ಳುತ್ತದೆ. ಅದು ಘಾಟಿಯ ಇಳಿಜಾರಿನಲ್ಲಿ ಆಗುವುದು ಬೇಡ ಎಂದು ಎರಡೂ ಚಕ್ರಗಳನ್ನು ಹೊಸದಾಗಿ ಕಟ್ಟಿಸಲು ನಿರ್ಧರಿಸಿದೆ.

ರಿಮ್ಮು ಕೊಳ್ಳುವಾಗ ಇಂಚಿನ ಲೆಕ್ಕವನ್ನು ನಾನು ನಂಬುವುದಿಲ್ಲ. ನಮ್ಮ ಹಳೆಯ ಕಪ್ಪು ಸೈಕಲ್ಲುಗಳ ‘28’ ಎಂದರೆ ಟೈರಿನ ಅಂಚು ಕೂರುವ ವ್ಯಾಸ 635 ಮಿಮೀ. ಈಗಿನ ಗೇರ್ ಸೈಕಲ್ಲುಗಳ 700ಸಿ ಚಕ್ರವನ್ನೂ ಕೆಲವರು ‘28’ ಎಂದೇ ಕರೆಯುತ್ತಾರೆ; ಅದರ ವ್ಯಾಸ 622. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ‘26’ರ ಗೊಂದಲವೂ ಇಂಥದ್ದೇ: 26 × 1 3/8 ಆದರೆ 590, ಹಳೆಯ ಮೌಂಟನ್ ಬೈಕಿನದಾದರೆ 559. ಅಂಗಡಿಯಲ್ಲಿ ವಾದ ಮಾಡುತ್ತ ನಿಲ್ಲುವ ಬದಲು ಟೈರಿನ ಪಕ್ಕದಲ್ಲಿ 32-622 ಎಂಬಂತೆ ಸಣ್ಣದಾಗಿ ಬರೆದಿರುವುದನ್ನು ಓದಿದರೆ ಸಾಕು. ಮೊದಲನೆಯದು ಟೈರಿನ ಅಗಲ, ಎರಡನೆಯದು ಈ ವ್ಯಾಸ. ರಿಮ್ಮಿನ ಚೀಟಿಯಲ್ಲಿ 622×19 ಎಂದಿದ್ದರೆ 19 ಎನ್ನುವುದು ಎರಡು ಗೋಡೆಗಳ ನಡುವಿನ ಒಳ ಅಗಲ. ಹೊರಗಿನಿಂದ ಅಳೆದರೆ ನಾಲ್ಕೈದು ಮಿಮೀ ಹೆಚ್ಚೇ ಬರುತ್ತದೆ, ಆ ಅಳತೆ ಬ್ರೇಕ್ ಹೊಂದಿಸುವಾಗ ಬಿಟ್ಟರೆ ಬೇರೆಲ್ಲೂ ಬೇಡ.

ಒಳ ಅಗಲಕ್ಕೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಕಿರಿದಾದ ರಿಮ್ಮಿನ ಮೇಲೆ ದಪ್ಪ ಟೈರು ಕೂರಿಸಿದರೆ ಅದು ಗುಂಡು ಬಲ್ಬಿನ ಹಾಗೆ ಬುಡದಲ್ಲಿ ಸಣ್ಣ, ಮೇಲೆ ಉಬ್ಬು. ಗಾಳಿ ಸ್ವಲ್ಪ ಇಳಿಸಿದ ಕೂಡಲೇ ತಿರುವಿನಲ್ಲಿ ಅತ್ತಿತ್ತ ಓಲಾಡುತ್ತದೆ, ಸವಾರ ಹೆದರಿ ಮತ್ತೆ ಗಾಳಿ ಹೆಚ್ಚಿಸುತ್ತಾನೆ. ರಿಮ್ಮು ಅಗಲವಾದಂತೆ ಟೈರಿನ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ, ಕಡಿಮೆ ಗಾಳಿಯಲ್ಲೂ ಹಿಡಿತ ತಪ್ಪುವುದಿಲ್ಲ. ಟೈರಿನ ಅಗಲ ರಿಮ್ಮಿನ ಒಳ ಅಗಲದ ಸುಮಾರು ಒಂದೂವರೆಯಿಂದ ಎರಡು ಪಟ್ಟು ಇರಲಿ ಎನ್ನುವ ಹಳೆಯ ಅಂದಾಜು ನನಗೆ ಸರಿಹೊಂದಿದೆ. 19ರ ರಿಮ್ಮಿಗೆ 28ರಿಂದ 38ರವರೆಗಿನ ಟೈರು ಎಂದಾಯಿತು. ನನ್ನದು 32. ಹಳೆಯ 17ರ ರಿಮ್ಮಿನ ಮೇಲೆ 31 ಮಿಮೀ ದಾಟದಿದ್ದ ಅದೇ ಟೈರು ಹೊಸ 19ರ ರಿಮ್ಮಿನ ಮೇಲೆ ವರ್ನಿಯರ್ ಮಾಪಕದಲ್ಲಿ ಸರಿಯಾಗಿ 32 ತೋರಿಸಿತು. 23ರ ರಿಮ್ಮನ್ನೂ ಅಂಗಡಿಯವರು ತೋರಿಸಿದರು. ನನ್ನ ಬ್ರೇಕಿನ ತೋಳುಗಳಿಗೆ ಅಷ್ಟು ಜಾಗವಿರಲಿಲ್ಲ.

ಉಳಿದದ್ದು ಬೇಗ ತೀರ್ಮಾನವಾಯಿತು. ಎರಡು ಪದರದ ಅಲ್ಯೂಮಿನಿಯಂ ರಿಮ್ಮು, ಮುಂದೆ 32 ಕಡ್ಡಿ, ಹಿಂದೆ 36. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು. ಅದು ಸುಮ್ಮನೆ ಮಾಡಿದ್ದಲ್ಲ, ಭಾರ ಬೀಳುವುದು ಹಿಂದೆ. ಕಾಡಿನ ದಾರಿಯಲ್ಲಿ ಒಂದು ಕಡ್ಡಿ ತುಂಡಾದರೂ 36ರ ಚಕ್ರ ಊರು ಮುಟ್ಟಿಸುತ್ತದೆ. ಕಾರ್ಬನ್ ರಿಮ್ಮಿನ ಮಾತು ನನ್ನಂಥ ಬ್ರೇಕಿನವರಿಗೆ ಬೇಡವೇ ಬೇಡ. ಅಂಚಿನಲ್ಲಿ ಟೈರನ್ನು ಹಿಡಿಯುವ ಕೊಕ್ಕೆಯಿಲ್ಲದ ಹೊಸ ಬಗೆಯ ರಿಮ್ಮುಗಳನ್ನೂ ಬಿಟ್ಟೆ. ಅವುಗಳಿಗೆ ಗಾಳಿಯ ಒತ್ತಡ 5 ಬಾರ್, ಅಂದರೆ ನಮ್ಮ ಪಂಪಿನ ಗೇಜು ತೋರಿಸುವ ಪಿಎಸ್‌ಐ ಅಳತೆಯಲ್ಲಿ ಸುಮಾರು 72, ಮಿತಿ, ಅದಕ್ಕೆ ಹೊಂದುವ ಟೈರನ್ನೇ ಹುಡುಕಬೇಕು. ಸಾಮಾನು ಹೇರಿಕೊಂಡು ಹೋಗುವ ನನ್ನ ಹಿಂಚಕ್ರ ಆ ಮಿತಿಯ ಹತ್ತಿರ ಓಡಾಡುವುದು ನನಗೆ ಇಷ್ಟವಿಲ್ಲ. ವಾಲ್ವಿನ ತೂತು ಮಾತ್ರ ದೊಡ್ಡದೇ ಇರಲಿ ಎಂದೆ. ಮೋಟಾರ್ ಬೈಕಿನ ವಾಲ್ವೇ ಸೈಕಲ್ಲಿಗೂ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಕೆಲಸ ನಡೆಯುತ್ತದೆ. ಆದರೆ ಪೆಟ್ರೋಲ್ ಬಂಕಿನ ಕಂಪ್ರೆಸರ್ ಪೈಪನ್ನು ಅಲ್ಲಿನ ಹುಡುಗನ ಕೈಗೆ ಕೊಡಬೇಡಿ. ಸೈಕಲ್ ಟ್ಯೂಬಿನಲ್ಲಿ ಹಿಡಿಸುವ ಗಾಳಿ ಅಷ್ಟಿಷ್ಟು, ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ.

ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ಯಾರೂ ಮಾತಾಡುವುದಿಲ್ಲ: ರಿಮ್ಮಿನೊಳಗೆ ಹಾಸುವ ಪಟ್ಟಿ. ಅಗಲ ರಿಮ್ಮಿಗೆ ಹಳೆಯ ಕಿರಿದಾದ ರಬ್ಬರ್ ಪಟ್ಟಿ ಹಾಕಿದರೆ ಅದು ಪಕ್ಕಕ್ಕೆ ಸರಿದು ಕಡ್ಡಿ ಬಿಗಿಯುವ ನಿಪ್ಪಲ್ಲಿನ ತೂತು ಬಾಯಿ ತೆರೆಯುತ್ತದೆ, ಟ್ಯೂಬು ಅದರೊಳಕ್ಕೆ ಉಬ್ಬಿ ಒಳಬದಿಯಲ್ಲಿ ತೂತಾಗುತ್ತದೆ. ಪಂಕ್ಚರ್ ಟ್ಯೂಬಿನ ಒಳಬದಿಯಲ್ಲಿದ್ದರೆ ಮುಳ್ಳು ಹುಡುಕುತ್ತ ಕೂರಬೇಡಿ, ಪಟ್ಟಿ ನೋಡಿ. ನಾನು ಬಟ್ಟೆಯ ಪಟ್ಟಿ ಹಾಕಿಸಿದ್ದೇನೆ.

ಈಗ ಗಾಳಿ. ಮನೆಯ ತೂಕದ ಯಂತ್ರದ ಮೇಲೆ ಮುಂಚಕ್ರ ಇಟ್ಟು, ಹಿಂಚಕ್ರದ ಕೆಳಗೆ ಅಷ್ಟೇ ಎತ್ತರದ ಮಣೆ ಕೊಟ್ಟು, ಗೋಡೆಗೆ ಮೊಣಕೈ ಸೋಕಿಸಿಕೊಂಡು ಓಡಿಸುವ ಭಂಗಿಯಲ್ಲೇ ಕುಳಿತೆ. ಮಗಳು ಅಂಕಿ ಓದಿದಳು. ಆಮೇಲೆ ಹಿಂಚಕ್ರಕ್ಕೂ ಹಾಗೆಯೇ. ನಾನು 72 ಕಿಲೋ, ಸೈಕಲ್ 13, ಚೀಲ 7, ಒಟ್ಟು 92. ಮುಂದೆ ಬಿದ್ದದ್ದು 39, ಹಿಂದೆ 53. ಇಷ್ಟು ವ್ಯತ್ಯಾಸವಿರುವ ಎರಡು ಚಕ್ರಗಳಿಗೆ ಒಂದೇ ಗಾಳಿ ಹಾಕುವುದು ಯಾವ ನ್ಯಾಯ?

ಅಮೆರಿಕದ ಫ್ರಾಂಕ್ ಬರ್ಟೊ ಅವರ ಕೋಷ್ಟಕವೊಂದು ಸೈಕಲ್ ಸವಾರರ ನಡುವೆ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಭಾರ ಬಿದ್ದಾಗ ಟೈರಿನ ಎತ್ತರ ನೂರಕ್ಕೆ 15ರಷ್ಟು ತಗ್ಗಬೇಕು ಎನ್ನುವುದು ಅದರ ತಳಹದಿ. 32ರ ಟೈರಿಗೆ ನನ್ನ ಭಾರದಲ್ಲಿ ಅದು ಮುಂದೆ 48, ಹಿಂದೆ 68 ಪಿಎಸ್‌ಐ ಆಸುಪಾಸು ಸೂಚಿಸುತ್ತದೆ. ಕೋಷ್ಟಕ ಇಲ್ಲದವರೂ ಇದನ್ನು ಅಳೆಯಬಹುದು. ಸೈಕಲ್ ಖಾಲಿ ನಿಂತಾಗ ರಿಮ್ಮಿನ ಕೆಳ ಅಂಚಿನಿಂದ ನೆಲಕ್ಕೆ 26 ಮಿಮೀ ಇತ್ತು, ನಾನು ಕುಳಿತಾಗ 21. ಐದು ಮಿಮೀ ಇಳಿತ, 32ರಲ್ಲಿ ನೂರಕ್ಕೆ ಹದಿನೈದು ಎಂದರೆ ಅಷ್ಟೇ.

ಅಲ್ಲಿಂದ ಮುಂದೆ ರಸ್ತೆಯೇ ಹೇಳಬೇಕು. ತೀರ್ಥಹಳ್ಳಿಯಾಚೆ ಡಾಂಬರು ಒರಟಾದ ಕಡೆ 48 ಮತ್ತು 68ರಲ್ಲಿ ಅಂಗೈ ಜುಮ್ಮೆನ್ನುತ್ತಿತ್ತು. ಮುಂದೆ 44, ಹಿಂದೆ 60ಕ್ಕೆ ಇಳಿಸಿದೆ, ಜುಮು ಹೋಯಿತು, ವೇಗ ಹೋಗಲಿಲ್ಲ. ಗಟ್ಟಿ ಟೈರು ವೇಗದ ಟೈರು ಎನ್ನುವ ಮಾತು ನುಣ್ಣನೆಯ ಉರುಳೆಯ ಮೇಲೆ ಪರೀಕ್ಷಿಸಿದಾಗ ಮಾತ್ರ ನಿಜ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತುತ್ತದೆ, ಆ ಎತ್ತಾಟಕ್ಕೆ ಹೋಗುವುದು ನಮ್ಮ ಕಾಲಿನ ಶಕ್ತಿಯೇ. ಕಲ್ಲುಹಾಸಿನ ದಾರಿಗೆ ಹೆಸರಾದ ಫ್ರಾನ್ಸಿನ ಪ್ಯಾರಿಸ್–ರೂಬೆ ಸೈಕಲ್ ಸ್ಪರ್ಧೆಯಲ್ಲಿ ಓಟಗಾರರು ದಪ್ಪ ಟೈರು, ಕಡಿಮೆ ಗಾಳಿ ಇಟ್ಟುಕೊಳ್ಳುವುದೂ ಇದೇ ಲೆಕ್ಕದಲ್ಲಿ. ಹಾಗೆಂದು ಇಳಿಸುತ್ತಲೇ ಹೋಗುವಂತಿಲ್ಲ. ಹಿಂದೆ 52ಕ್ಕೆ ತಂದಾಗ ಗುಂಡಿಯ ಅಂಚಿಗೆ ರಿಮ್ಮು ಠಣ್ ಎಂದು ಬಡಿದ ಸದ್ದು ಕೇಳಿಸಿತು. ಟ್ಯೂಬು ರಿಮ್ಮಿಗೂ ಕಲ್ಲಿಗೂ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತಾಗುವುದು ಇಂಥ ಪೆಟ್ಟಿಗೇ. ಮತ್ತೆ 58ಕ್ಕೆ ಏರಿಸಿದೆ, ಈಗ ಅಲ್ಲೇ ನಿಂತಿದ್ದೇನೆ.

ಘಾಟಿಯಲ್ಲಿ ಇನ್ನೊಂದು ಬಾಬತ್ತು ಸೇರಿಕೊಳ್ಳುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಮೇಲಿನಿಂದ ಕೆಳಗಿನವರೆಗೆ ಬ್ರೇಕ್ ಹಿಡಿದೇ ಇಳಿದರೆ ರಿಮ್ಮು ಮುಟ್ಟಲಾಗದಷ್ಟು ಕಾಯುತ್ತದೆ, ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಬಲವಾಗಿ ಹಿಡಿದು ವೇಗ ಇಳಿಸಿ, ನೇರ ರಸ್ತೆ ಸಿಕ್ಕಾಗ ಪೂರ್ತಿ ಬಿಟ್ಟುಬಿಡುತ್ತೇನೆ. ಬಿಟ್ಟ ಹೊತ್ತಿನಲ್ಲಿ ರಿಮ್ಮಿಗೆ ಗಾಳಿ ತಾಗಿ ತಣಿಯುತ್ತದೆ. ಬಿಸಿಲಿನ ಲೆಕ್ಕವೂ ಉಂಟು: ಬೆಳಗಿನ 20 ಡಿಗ್ರಿಯಲ್ಲಿ 60 ತೋರಿಸಿದ ಟೈರು ಮಧ್ಯಾಹ್ನದ 35ರಲ್ಲಿ 64ರ ಹತ್ತಿರ ಇರುತ್ತದೆ. ಘಟ್ಟದ ಮೇಲಿನಿಂದ ಕರಾವಳಿಗೆ ಇಳಿದರೆ ಹೊರಗಿನ ವಾಯುಭಾರ ಹೆಚ್ಚಿ ಗೇಜು ಒಂದು ಪಿಎಸ್‌ಐ ಕಡಿಮೆ ತೋರಿಸಬಹುದು. ಅದು ಲೆಕ್ಕದ ಖುಷಿಗೆ ಮಾತ್ರ, ಪಂಪು ಹೊರತೆಗೆಯುವಷ್ಟಲ್ಲ.

ಮಳೆಗಾಲದಲ್ಲಿ ಎರಡೂ ಕಡೆ ಇನ್ನೂ ಎರಡು ಮೂರು ಪಿಎಸ್‌ಐ ಇಳಿಸುತ್ತೇನೆ. ಮನೆಗೆ ಬಂದ ಕೂಡಲೇ ಬ್ರೇಕ್ ರಬ್ಬರಿನಿಂದ ಮರಳಿನ ಕಣಗಳನ್ನು ಗುಂಡುಸೂಜಿಯಿಂದ ಕೀಳುತ್ತೇನೆ. ಕ್ಯಾರಿಯರಿನ ಮೇಲೆ ಹತ್ತು ಕಿಲೋ ಹೆಚ್ಚಾದರೆ ಹಿಂದೆ ಮಾತ್ರ ಎಂಟು ಹತ್ತು ಪಿಎಸ್‌ಐ ಏರಿಸುತ್ತೇನೆ, ಮುಂದಿನದನ್ನು ಮುಟ್ಟುವುದಿಲ್ಲ. ಬ್ಯೂಟೈಲ್ ರಬ್ಬರಿನ ಟ್ಯೂಬು ಚೆನ್ನಾಗಿದ್ದರೂ ವಾರಕ್ಕೆ ಒಂದಿಷ್ಟು ಗಾಳಿ ಬಿಡುತ್ತದೆ, ಆದ್ದರಿಂದ ದೂರ ಹೊರಡುವ ದಿನ ಬೆಳಿಗ್ಗೆ ಗೇಜು ಹಾಕದೆ ಹೊರಡುವುದಿಲ್ಲ. ಅದೂ ಯಾವಾಗಲೂ ಒಂದೇ ಪಂಪಿನ ಗೇಜು. ನನ್ನ 58 ನಿಮ್ಮ ಪಂಪಿನಲ್ಲಿ 62 ಎಂದು ತೋರಿಸಿದರೂ ಆಶ್ಚರ್ಯವಿಲ್ಲ. ನನ್ನ ಅಂಕಿಯನ್ನು ಬಿಡಿ, ಮೊದಲು ಸ್ಟೀಲ್ ಸ್ಕೇಲ್ ಹಿಡಿದು ನಿಮ್ಮ ಟೈರು ಎಷ್ಟು ಮಿಮೀ ಇಳಿಯುತ್ತದೆ ನೋಡಿ.