ಬೋಣಿ ಆದ ಮೇಲೆ ಹೋಗಿ: ಹಬ್ಬದ ಗಿಫ್ಟು ಅಂಗಡಿಗೆ ವಾಪಸ್ ಮಾಡಿದ ನನ್ನ ಅನುಭವ

ಅಂತೂ ಗ್ರೈಂಡರ್ ಮನೆಗೆ ಬಂತು. ಎರಡು ಲೀಟರಿನದು. ಕೈಯಿಂದ ಹಾಕಿದ್ದು 1,100 ರೂಪಾಯಿ ಇರಬಹುದು. ಮಿಕ್ಕಿದ್ದೆಲ್ಲ ದೀಪಾವಳಿಗೆ ಬಂದು ಮೂಲೆ ಸೇರಿದ್ದ ಗಿಫ್ಟುಗಳಿಂದ ಹುಟ್ಟಿದ್ದು. "ಯಾರೋ ಕೊಟ್ಟಿದ್ದನ್ನ ಅಂಗಡಿಗೆ ಹೊತ್ಕೊಂಡು ಹೋಗ್ತೀಯಾ, ಮಾನ ಬೇಡ್ವಾ" ಅಂದಿದ್ದ ಅತ್ತೆಯವರೇ ಈಗ ಅದರಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿ ತಿನ್ನುತ್ತಿದ್ದಾರೆ.

ನಮ್ಮವರದು ರಾಜಾಜಿನಗರದಲ್ಲಿ ಸಣ್ಣ ಆಫ್‌ಸೆಟ್ ಪ್ರೆಸ್ಸು. ಹಬ್ಬ ಬಂದರೆ ಪೇಪರಿನವರು, ಇಂಕಿನವರು, ಬೈಂಡಿಂಗಿನವರು ಒಬ್ಬೊಬ್ಬರೂ ಒಂದೊಂದು ಡಬ್ಬ ಇಟ್ಟು ಹೋಗುತ್ತಾರೆ. 2025ರಲ್ಲಿ ಬಂದದ್ದು ಮೂರು ಡಿನ್ನರ್ ಸೆಟ್, ನಾಲ್ಕು ಹಾಟ್‌ಬಾಕ್ಸ್, ಒಂದು ಕುಕ್ಕರ್, ಎರಡು ಗೋಡೆ ಗಡಿಯಾರ, ಬೆಳ್ಳಿ ನಾಣ್ಯ, ಆರೋ ಏಳೋ ಡ್ರೈಫ್ರೂಟ್ ಡಬ್ಬ. ಮನೆಯಲ್ಲಿ ಇರುವುದು ನಾಲ್ಕು ಜನ. ಮೂರು ಡಿನ್ನರ್ ಸೆಟ್ ಇಟ್ಟುಕೊಂಡು ಏನು ಮಾಡಲಿ?

ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಹತ್ತೂವರೆಗೆ ಚಿಕ್ಕಪೇಟೆಗೆ ಹೋದೆ. ಆಗ ತಾನೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು. ಬೋಣಿಯೇ ಆಗಿಲ್ಲ, ನಾನು ಹೋಗಿ ಡಿನ್ನರ್ ಸೆಟ್ ವಾಪಸ್ ಅಂದೆ. ಆ ಯಜಮಾನರು ನನ್ನ ಮುಖ ಕೂಡ ನೋಡಲಿಲ್ಲ. ಸಂಜೆ ಬನ್ನಿ ಅಂದರು, ಸಂಜೆ ಹೋದರೆ ಇವತ್ತು ಶುಕ್ರವಾರ ಅಂದರು. ಶುಕ್ರವಾರ ಗಲ್ಲಾದಿಂದ ದುಡ್ಡು ಹೊರಗೆ ಹೋಗಬಾರದಂತೆ. ಆಮೇಲೆ ಭಾನುವಾರ ಹೋದೆ, ಅರ್ಧ ಪೇಟೆ ಮುಚ್ಚಿತ್ತು. ಮೂರು ಸಲದ ಓಡಾಟ, ಆಟೋಗೆ 500 ರೂಪಾಯಿ ಮೇಲೆ, ಕೈಗೆ ಬಂದದ್ದು ಸೊನ್ನೆ.

ಎರಡನೇ ವರ್ಷ ಕಾನೂನು ಹಿಡಿದುಕೊಂಡು ಹೋದೆ. 'ಒಮ್ಮೆ ಮಾರಿದ ಮಾಲನ್ನು ಹಿಂತೆಗೆದುಕೊಳ್ಳುವುದಿಲ್ಲ' ಅನ್ನೋ ಬೋರ್ಡಿನ ಕೆಳಗೇ ನಿಂತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂತ ಶುರು ಮಾಡಿದೆ. ಅಂಗಡಿಯವರ ಮಗ ಓದಿಕೊಂಡ ಹುಡುಗ. "ಮೇಡಂ, ಅದು ಕೆಟ್ಟ ಮಾಲಿಗೆ. ನಿಮ್ಮದು ಕೆಟ್ಟಿದೆಯಾ?" ಅಂದ. ಅವನು ಹೇಳಿದ್ದು ಸರಿ. ದೋಷ ಇದ್ದರೆ ಬಿಲ್ಲಿನಲ್ಲಿ ಹಾಕಿದ ಅವಧಿಯೊಳಗೆ, ಏನೂ ಹಾಕಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲೇಬೇಕು. ನಮಗೆ ಬೇಡ ಅನ್ನೋದು ದೋಷ ಅಲ್ಲ. ಒಂದು ಹಾಟ್‌ಬಾಕ್ಸಿನ ಮುಚ್ಚಳ ಬಿರುಕು ಬಿಟ್ಟಿತ್ತು, ಅದೊಂದಕ್ಕೆ ಮಾತ್ರ ಈ ಜಗಳ ಉಪಯೋಗಕ್ಕೆ ಬಂತು. ಗ್ರಾಹಕರ 1915 ಸಹಾಯವಾಣಿಗೆ ಫೋನ್ ಮಾಡುತ್ತೇನೆ ಅಂದ ಕೂಡಲೇ ಬದಲಾಯಿಸಿ ಕೊಟ್ಟರು. ಆದರೆ ಆ ಅಂಗಡಿಗೆ ಮತ್ತೆ ಕಾಲಿಡುವ ಹಾಗಿಲ್ಲ. ಒಂದು ಹಾಟ್‌ಬಾಕ್ಸಿಗೆ ಒಂದು ಅಂಗಡಿ ಕಳೆದುಕೊಂಡೆ, ಲೆಕ್ಕದಲ್ಲಿ ನಷ್ಟವೇ.

ಮೂರನೇ ಸಲ, 2025ರಲ್ಲಿ, ದಾರಿ ಬದಲಾಯಿಸಿದೆ. 'ವಾಪಸ್' ಅನ್ನೋ ಮಾತನ್ನು ಬಾಯಿಗೇ ತರಲಿಲ್ಲ. ಹಬ್ಬ ಕಳೆದು ಒಂದು ವಾರ ಬಿಟ್ಟು, ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಯಜಮಾನರು ಊಟ ಮುಗಿಸಿ ಗಲ್ಲಾದಲ್ಲಿ ಕೂತಿರುವ ಹೊತ್ತಿಗೆ ಹೋದೆ. ಮೊದಲು ಗ್ರೈಂಡರ್ ರೇಟು ಕೇಳಿದೆ. ಕಲ್ಲು ತಿರುಗಿಸಿ ನೋಡಿದೆ, ವಾರಂಟಿ ಕೇಳಿದೆ. ಬಿಲ್ಲು ಬರೆಯಲು ಪೆನ್ನು ತೆಗೆದ ಮೇಲೆ "ನಿಮ್ಮಲ್ಲೇ ತಗೊಂಡ ಮಾಲು ಇದೆ, ಸೀಲ್ ಒಡೆದಿಲ್ಲ, ಇದರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದೆ. ಅವರಿಗೆ ಅದು ಮಾರಾಟ, ವಾಪಸ್ ಅಲ್ಲ. ಎರಡು ಡಿನ್ನರ್ ಸೆಟ್, ಕುಕ್ಕರ್, ಎರಡು ಹಾಟ್‌ಬಾಕ್ಸ್ ಸೇರಿ ಐದು ಸಾವಿರದ ಹತ್ತಿರ ಹಿಡಿದುಕೊಂಡರು. ಒಂದು ಡಬ್ಬ ಹಳೇ ಸ್ಟಾಕು. ಆ ವರ್ಷ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿತ್ತಲ್ವಾ, ಬಿಲ್ಲಿಲ್ಲದ ನನಗೆ ಹೊಸ ರೇಟೇ ಗತಿ. ನೂರು ಚಿಲ್ಲರೆ ಹೋಯಿತು, ಹೋಗಲಿ ಅಂದೆ.

ಯಾವ ಡಬ್ಬ ಯಾವ ಅಂಗಡಿಯದು ಅಂತ ಗೊತ್ತಾಗುವುದು ಹೇಗೆ ಅಂತ ಕೇಳುತ್ತೀರಿ. ನಮ್ಮ ಪೇಪರಿನವರು ಸುಲ್ತಾನ್‌ಪೇಟೆಯವರು, ಗಿಫ್ಟೂ ಅಲ್ಲೇ ಅಕ್ಕಪಕ್ಕದ ಪೇಟೆಯಲ್ಲಿ ಒಟ್ಟಿಗೆ ಕೊಳ್ಳುತ್ತಾರೆ. ಡಬ್ಬದ ಅಡಿ ಸಣ್ಣ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಪೆನ್ನಿನಲ್ಲಿ ಬರೆದ ಮೂರು ನಾಲ್ಕು ಅಕ್ಷರ. ಅದು ಅಂಗಡಿಯವರ ಅಸಲು ಬೆಲೆಯ ಗುಟ್ಟಿನ ಲೆಕ್ಕ, ಒಂದೊಂದು ಅಂಕಿಗೆ ಒಂದೊಂದು ಅಕ್ಷರ, ಅಂಗಡಿಗೊಂದು ಬಗೆ, ಅದರಿಂದಲೇ ಗುರುತು. ಒಂದು ಅಂಗಡಿಯದನ್ನು ನಾನು ಬಿಡಿಸಿದ್ದೇನೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಬರೆದರೆ ನಾಳೆ ಅಕ್ಷರ ಬದಲಾಗುತ್ತದೆ.

ಮೂರನೇ ಡಿನ್ನರ್ ಸೆಟ್ಟಿನ ಕತೆ ಬೇರೆ. ಕೊಟ್ಟವರು ಪ್ರೀತಿಯಿಂದ ಪ್ರತಿ ತಟ್ಟೆಯ ಹಿಂದೆ ತಮ್ಮ ಫರ್ಮಿನ ಹೆಸರು ಕೊರೆಸಿದ್ದರು. ಚುಕ್ಕಿ ಚುಕ್ಕಿ ಅಕ್ಷರ, 'ಶುಭಾಶಯಗಳೊಂದಿಗೆ' ಅನ್ನೋದರ ಕೊನೆ 'ಗೆ' ಅಂಚಿನಿಂದ ಆಚೆ ಹೋಗಿದೆ. ಪಾಲಿಷ್ ಮಾಡುವವನ ಹತ್ತಿರ ಒಂದು ತಟ್ಟೆ ಉಜ್ಜಿಸಿ ನೋಡಿದೆ. 60 ರೂಪಾಯಿ ತಗೊಂಡ. ಅಕ್ಷರ ಹೋಯಿತು, ಆ ಜಾಗ ಕನ್ನಡಿ ಹಾಗೆ ಹೊಳೆದು ಸುತ್ತಲಿನದು ಮಂಕಾಗಿ ಕಂಡಿತು. ಅಂಗಡಿಯವರು ಬೆರಳಲ್ಲಿ ಸವರಿ ನಕ್ಕರು. ತೂಕಕ್ಕೆ ಹಾಕಿ ಅಂದರು. ಹಾಕಲಿಲ್ಲ, ಆ ಸೆಟ್ಟಿನಲ್ಲೇ ಈಗ ಊಟ ಮಾಡುತ್ತಿದ್ದೇವೆ.

ಡ್ರೈಫ್ರೂಟ್ ಯಾರೂ ವಾಪಸ್ ತಗೊಳ್ಳಲ್ಲ, ಕೇಳಲೂ ಹೋಗಬೇಡಿ. ಸುಮ್ನೆ ಕುತೂಹಲಕ್ಕೆ ಒಂದು ಡಬ್ಬ ಬಿಚ್ಚಿ ಅಳೆದೆ. ಅಷ್ಟು ದೊಡ್ಡ ಡಬ್ಬದಲ್ಲಿ ಗೋಡಂಬಿ, ಬಾದಾಮಿ, ದ್ರಾಕ್ಷಿ ಎಲ್ಲಾ ಸೇರಿ ಮುಕ್ಕಾಲು ಪಾವಿನಷ್ಟೂ ಇರಲಿಲ್ಲ. ಕೆಳಗೆಲ್ಲ ರಟ್ಟಿನ ದಿಂಡು. ಪ್ರೆಸ್ಸಿನವರ ಮನೆ ನಮ್ಮದು, ರಟ್ಟಿನ ಬೆಲೆ ಗೊತ್ತು.

ಬೆಳ್ಳಿ ನಾಣ್ಯ 10 ಗ್ರಾಮಿನದು. ರೇಟು ಗ್ರಾಮಿಗೆ 150 ದಾಟಿದ್ದ ಸಮಯ. ದುಡ್ಡು ಕೇಳಿದ್ದಕ್ಕೆ ಒಬ್ಬರು ತುಂಬಾ ಕಡಿಮೆ ಹೇಳಿದರು. ಕಾಲುಚೈನಿಗೆ ಬದಲಿ ಅಂದಾಗ ತೂಕಕ್ಕೆ ತೂಕ ಹಿಡಿದರು, ಮಜೂರಿ ಮಾತ್ರ ಕೊಟ್ಟೆ. ಇಲ್ಲೂ ಅದೇ ಸೂತ್ರ ಅಲ್ವಾ.

ಆನ್‌ಲೈನಿನಲ್ಲಿ ಬಂದ ಒಂದು ಗಡಿಯಾರಕ್ಕೆ ಮಾತ್ರ ಕೈ ಸುಟ್ಟುಕೊಂಡೆ. ಡಬ್ಬದ ಮೇಲಿದ್ದ ಆರ್ಡರ್ ನಂಬರ್ ಹೇಳಿ ಫೋನಿನಲ್ಲಿ ವಿಚಾರಿಸಿದೆ. ಕಂಪನಿಯವರು ಗಿಫ್ಟ್ ಕಳಿಸಿದವರಿಗೇ ಮೆಸೇಜ್ ಹಾಕಿದರು. ಸಂಜೆ ಇಂಕಿನವರು ನಮ್ಮವರಿಗೆ ಫೋನ್ ಮಾಡಿ "ಗಡಿಯಾರ ನಿಂತು ಹೋಯ್ತಾ ಸಾರ್?" ಅಂದರು. ಎರಡು ದಿನ ಮನೆಯಲ್ಲಿ ನನ್ನ ಜೊತೆ ಮಾತಿಲ್ಲ. ಆ ಗಡಿಯಾರ ಈಗ ಪ್ರೆಸ್ಸಿನ ಗೋಡೆ ಮೇಲೆ, ಇಂಕಿನವರಿಗೆ ಕಾಣುವ ಹಾಗೆ ಇದೆ.

ಮೊನ್ನೆ ಅತ್ತೆಯವರು ಬೀರುವಿನಿಂದ ಒಂದು ಸೀರೆ ತಂದು ಮೆಲ್ಲಗೆ ಮಂಚದ ಮೇಲೆ ಇಟ್ಟರು. ಯುಗಾದಿಗೆ ನಾದಿನಿ ಕೊಟ್ಟದ್ದು. "ಇದೂ ಆಗುತ್ತಾ ನೋಡು" ಅಂದರು. ಮೊದಲು ಅಂಚು ತಿರುವಿ ನೋಡಿದೆ. ಫಾಲ್ ಹೊಲಿಸಿಬಿಟ್ಟಿದ್ದರು.